ನಡುಸಾಲಿನ ತೆನೆಗಳು

ಎಪ್ಪತ್ತನಾಲ್ಕರ ಕಾರ್ತೀಕ. ಸಿರುಗುಪ್ಪದ ಹೊರಗಿನ ಭತ್ತ ಸಂಶೋಧನಾ ಕೇಂದ್ರಕ್ಕೆ ಸಲಹಾ ಸಮಿತಿ ಬರುವ ದಿನವೇ ವಿಜ್ಞಾನಿ ಜಡೆಪ್ಪನವರ ಪ್ರಯೋಗದ ಮಡಿ ಬಹುಪಾಲು ಬರಿದಾಗಿತ್ತು. ಸವುಳು ಮಣ್ಣಿನಲ್ಲೂ ತೆನೆ ತುಂಬುವ ಹೊಸ ತಳಿ, ಕೂಸಿನಂತೆ ಸಾಕಿದ್ದು. ಅದರ ತೆನೆಗಳನ್ನು ಯಾರೋ ಕೊಯ್ದೊಯ್ದಿದ್ದರು.

ನಿರ್ದೇಶಕ ಕೊಟ್ಟೂರಪ್ಪನವರು ಕ್ವಾರ್ಟರ್ಸಿನಲ್ಲಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ ವೀರಭದ್ರಮ್ಮನವರನ್ನು ಕರೆತಂದರು. ಕೇಂದ್ರದ ಯಾವ ಗುಟ್ಟೂ ಅವರ ಮುಂದೆ ನಿಂತದ್ದಿಲ್ಲ. ಅವರ ಬೆನ್ನಿಗೇ ಅವರ ತಮ್ಮ ಉಚ್ಚೆಂಗೆಪ್ಪನೂ ಬಂದ. ಅಕ್ಕನಿಗೆ ಕಾಣುವುದು ತನಗೇಕೆ ಕಾಣದೆಂದು ಅವನ ಹೊಟ್ಟೆಯಲ್ಲಿ ಯಾವಾಗಲೂ ಒಂದು ಕೆಂಡ.

ಈ ಸಲ ಕಳ್ಳ ಯಾರೆಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ತಳಿಯನ್ನು ರೈತರಿಗೆ ಕೊಡುವ ಮುಂಚೆ ಬೇರೆ ಮಣ್ಣಿನಲ್ಲಿ, ಬೇರೆಯವರ ಕೈಯಲ್ಲಿ ಬೆಳೆದು ನೋಡಬೇಕೆಂದು ಸಮಿತಿ ಹೇಳಿತ್ತು. ಅದರಂತೆ ಬೀಜ ಆ ದಿನ ಕೇಂದ್ರದ ಕುರುಗೋಡಿನ ಪ್ರಯೋಗ ತಾಕು ನೋಡಿಕೊಳ್ಳುವ ಎರ್ರಣ್ಣನಿಗೆ ಸಲ್ಲಬೇಕಿತ್ತು. ಜಡೆಪ್ಪನವರನ್ನು ಕಂಡರಾಗದ ಎರ್ರಣ್ಣನೇ ಕದ್ದನೆಂದು ಎಲ್ಲರ ಮಾತು. ಸಂಜೆಯೊಳಗೆ ಅವನ ಅಮಾನತ್ತಿನ ಆದೇಶ ಹೊರಡುವುದಿತ್ತು.

ವೀರಭದ್ರಮ್ಮ ಮಡಿಯನ್ನು ಸುತ್ತಿದರು. ನಡುಸಾಲುಗಳು ಬೋಳಾಗಿದ್ದರೂ ಅಂಚಿನ ಸಾಲುಗಳು ತೆನೆ ಹೊತ್ತು ತೂಗುತ್ತಿದ್ದವು. ಗುಬ್ಬಿಗೆಂದು ಹೊದಿಸಿದ ಬಲೆ ಮೂಲೆ ಮೂಲೆಗೂ ಬಿಗಿಯಾಗಿತ್ತು. ಕಳವು ಕಂಡ ಬೆಳಗಿನಿಂದ ಬಲೆಯನ್ನು ಯಾರೂ ಮುಟ್ಟಿಲ್ಲವೆಂದು ಕೇಳಿ ತಿಳಿದುಕೊಂಡರು.

ಮಧ್ಯಾಹ್ನ ಸಮಿತಿಯೆದುರು ಎಲ್ಲರೂ ಸೇರಿದರು.

"ಅಂಚಿನ ಸಾಲಿಗೆ ಪಕ್ಕದ ತಳಿ ಬೆರೆತಿರತೈತಂತ ಬೀಜಕ್ಕ ತಗಿಯೋದಿಲ್ಲ," ಎಂದರು ವೀರಭದ್ರಮ್ಮ. "ಈ ಕಳ್ಳ ನಡುಸಾಲಷ್ಟೇ ಕೊಯ್ದಾನ. ಅಂದ್ರ ಅವನಿಗೆ ಬೀಜ ಬೇಕಿತ್ತು. ಎರ್ರಣ್ಣಗ ಅದು ಇವತ್ತ ಪುಕ್ಕಟೆ ಸಿಗೋದಿತ್ತು, ಕದಿಯಾಕ ಯಾಕ?"

"ಹಾಳು ಮಾಡಾಕ, ಅಕ್ಕಾ," ಎಂದ ಉಚ್ಚೆಂಗೆಪ್ಪ.

"ಹಾಳು ಮಾಡಾಕ ಬಂದಾವ ಉಳಿದ ತೆನಿ ಗುಬ್ಬಿ ತಿಂದಾವಂತ ಬಲಿ ಕಟ್ಟಿ ಹೋಗ್ತಾನೇನಲೇ? ಹಂಗ ಕಟ್ಟೋದು ಹೆತ್ತ ಕೈ." ಅವರು ಜಡೆಪ್ಪನವರತ್ತ ತಿರುಗಿದರು. "ಹೌದಲ್ರಿ, ಸಾಹೇಬ್ರ?"

ಜಡೆಪ್ಪ ಕೈಮುಗಿದು ಒಪ್ಪಿಕೊಂಡರು. "ನಾ ಹೆತ್ತದ್ದು ನಾಳೆ ಎರ್ರಣ್ಣನ ಹೆಸರು ಹೊತ್ತು ತಿರುಗ್ತಿತ್ತು. ಅದನ್ನ ನೋಡಾಕ ಆಗ್ತಿರಲಿಲ್ರಿ." ಬೀಜ ಹಚ್ಚೊಳ್ಳಿಯಲ್ಲಿದ್ದ ಅವರ ತಾಯಿಯ ಮನೆಯಲ್ಲಿತ್ತು.

ಸಮಿತಿಯ ಅಧ್ಯಕ್ಷರು ಯಾರ ಅಮಾನತ್ತೂ ಬೇಡವೆಂದರು, ಬೇರೆಯವರ ಕೈಯಲ್ಲಿ ಬೆಳೆಯಬೇಕೆಂಬ ಸಲಹೆಯನ್ನು ಮಾತ್ರ ಬದಲಿಸಲಿಲ್ಲ. ಮರುದಿನ ಜಡೆಪ್ಪನವರೇ ಬೀಜದ ಚೀಲ ತಂದು, ಮುಖ ನೋಡದೆ ಎರ್ರಣ್ಣನ ಕೈಗಿಟ್ಟರು.

"ಮೊಣಕಾಲಮಟ ನೀರು ನಿಲ್ಲಸ್ತೀನಿ, ಚಲೋ ಬರತೈತಿ," ಎಂದ ಎರ್ರಣ್ಣ.

ಜಡೆಪ್ಪ ಎರಡು ಹೆಜ್ಜೆ ಹೋದವರು ನಿಂತರು. "ಕೊಂದೀಯಲೇ ಅದನ್ನ. ಮೂರು ಬೆರಳಿನಷ್ಟು ನೀರು ಸಾಕು." ಇನ್ನೂ ಒಂದು ಹೆಜ್ಜೆ ಹಿಂದೆ ಬಂದರು. "ಹೊಡಿ ಬಿಟ್ಟು ತೆನಿ ಬರೋ ಹೊತ್ತಿಗೆ ನೆಲ ಆರಗೊಡಬ್ಯಾಡ. ತಡಿ, ನಾನೂ ಬರ್ತೀನಿ."