ಬಾರದ ರೈಲಿಗೆ ಕಾದ ಒಂಬತ್ತು ಹಾಳೆಗಳು

ಆಗಸ್ಟ್ 21, ಗುರುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಅಪ್ಪಲ್‌ಸಾಮಿ ವಾಯ್‌ಸೇವು ಪಟ್ಟಣದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪಟ್ಟಣದ ಚಾಲನಾ ಪರವಾನಗಿ ಕಚೇರಿಯಲ್ಲಿ ಅವರು ಮೂವತ್ತೊಂದು ವರ್ಷಗಳಿಂದ ಪರೀಕ್ಷಕರು. ಊರಿನಲ್ಲಿ ವಾಹನ ಓಡಿಸುವವರಲ್ಲಿ ಅರ್ಧದಷ್ಟು ಜನ ಒಮ್ಮೆಯಾದರೂ ಅವರ ಪಕ್ಕದಲ್ಲಿ ಕುಳಿತು ಬೆವರಿದವರೇ. ಎಲ್ಲರೂ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು.

ಇನ್ಸ್‌ಪೆಕ್ಟರ್ ಪೌಲಿಯಾಸಿ ಅವರಿಗೆ ಕುರ್ಚಿ ತೋರಿಸಿದ. ಅವರು ಕುಳಿತುಕೊಳ್ಳಲಿಲ್ಲ.

ಹಿಂದಿನ ದಿನ ಮಧ್ಯಾಹ್ನ ಎರಡು ಹತ್ತಕ್ಕೆ ಕಬ್ಬು ತುಂಬಿದ ಲಾರಿಯೊಂದು ಪೇಟೆಯ ತುದಿಯ ಕ್ರಾಸಿಂಗ್‌ನಲ್ಲಿ ಸಕ್ಕರೆ ಕಾರ್ಖಾನೆಯ ರೈಲಿಗೆ ಅಡ್ಡ ನುಗ್ಗಿತ್ತು. ಬಾವುಟ ಹಿಡಿದು ನಿಂತಿದ್ದ ಬಿಸುನ್‌ನ ಬಲಪಾದ ಹೋಗಿತ್ತು. ಲಾರಿಯ ಚಾಲಕ ಇಸಿಕೆಲಿ ಎಂಬವನ ಜೇಬಿನಲ್ಲಿ ಭಾರಿ ವಾಹನದ ಪರವಾನಗಿ ಇತ್ತು. ಪರೀಕ್ಷೆಯಾದ ದಿನ ಆಗಸ್ಟ್ 13. ಪರೀಕ್ಷಕರು ಅಪ್ಪಲ್‌ಸಾಮಿ.

"ಅವನನ್ನ ನಾನು ನೋಡೇ ಇಲ್ಲ ಸಾರ್. ಸಹಿ ನಂದರ ಹಾಗೇ ಇದೆ. ಆದ್ರೆ ನಂದಲ್ಲ."

"ನಿನ್ನೆ ಸಂಜೆನೇ ಗೊತ್ತಾಗಿತ್ತಲ್ಲ ಮಾಸ್ಟರ್. ರಾತ್ರಿ ಏನು ಮಾಡ್ತಿದ್ರಿ?"

"ನಾನೇ ಸಹಿ ಮಾಡಿ ಮರೆತಿದೀನೇನೋ ಅಂತ ಯೋಚಿಸ್ತಾ ಇದ್ದೆ."

ಪೌಲಿಯಾಸಿ ದೂರನ್ನು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದ. ದೂರು ಕೊಟ್ಟವರನ್ನೇ ಮೊದಲು ಅನುಮಾನಿಸುವುದು ಅವನ ಅಭ್ಯಾಸ. ಬಂಧನ ಖಚಿತವೆಂದು ತಿಳಿದವನು ತಾನಾಗಿಯೇ ಠಾಣೆಗೆ ಬರುವುದು ಅವನಿಗೆ ಹೊಸದಾಗಿರಲಿಲ್ಲ. ಅಪ್ಪಲ್‌ಸಾಮಿ ನಿವೃತ್ತರಾಗಲು ನಾಲ್ಕು ತಿಂಗಳು ಉಳಿದಿತ್ತು. ಸಹಿ ಅವರದೇ ಆಗಿದ್ದರೆ ಅವರು ಪರೀಕ್ಷೆ ಮಾಡದೆಯೇ ಪರವಾನಗಿ ಕೊಟ್ಟಂತೆ; ಒಬ್ಬ ಮನುಷ್ಯನ ಕಾಲಿಗೆ ಜವಾಬು ಹೇಳಬೇಕು, ಜೈಲಿಗೂ ಹೋಗಬೇಕು.

ಕಚೇರಿಯ ನೌಕರರು ಜೂನ್ 30ರಿಂದ ಆರು ವಾರ ಮುಷ್ಕರ ಹೂಡಿದ್ದರು. ಆಗಸ್ಟ್ 8ರ ಸಂಜೆ ರಾಜಿಯಾಗಿ, 11ರ ಸೋಮವಾರ ಬಾಗಿಲು ತೆರೆದು ಪರೀಕ್ಷೆಗಳು ಮತ್ತೆ ಶುರುವಾಗಿದ್ದವು.

ಒಂಬತ್ತೂವರೆಗೆ ಪೌಲಿಯಾಸಿ ಕಾರ್ಪೊರಲ್ ರಾಮ್‌ಶರಣ್‌ನೊಡನೆ ಕಚೇರಿಗೆ ಹೋದ. ಕಡತ ತಂದುಕೊಟ್ಟವಳು ದಾಖಲೆ ಗುಮಾಸ್ತೆ ಲವೆನಿಯಾ. ನೌಕರರ ಸಂಘದ ಸ್ಥಳೀಯ ಕಾರ್ಯದರ್ಶಿಯೂ ಅವಳೇ. ಅವಳ ಊರಿಗೂ ಪೌಲಿಯಾಸಿಯ ಊರಿಗೂ ಮೂಲಪುರುಷ ಒಬ್ಬನೇ. ಅಂಥ ಊರುಗಳವರು ಎದುರಾದರೆ ಪರಸ್ಪರ ಬೈದಾಡಬೇಕು, ಯಾರೂ ಮುನಿಯಬಾರದು. ಬೈಯದೆ ಹೋದರೆ ಅದೇ ಅವಮಾನ.

"ಬಂತು ನೋಡಿ, ಏಡಿ ತಿಂದು ಹೊಟ್ಟೆ ಬೆಳೆಸಿದ ಊರಿನ ಸಂತಾನ. ಬೂಟು ಒರೆಸ್ಕೊಂಡು ಒಳಗೆ ಬಾ."

"ನಿಮ್ಮೂರಲ್ಲಿ ಬೂಟು ಅಂದ್ರೆ ಏನು ಅಂತ ಗೊತ್ತಾಗಿದ್ದು ಯಾವಾಗ?" ಎಂದು ಅವನೂ ಕೊಡಬೇಕಾದುದನ್ನು ಕೊಟ್ಟ.

ಮಾರುಕಟ್ಟೆಯ ತರಕಾರಿ ವ್ಯಾಪಾರಿ ಮತ್ತು ನಿವೃತ್ತ ಅಂಚೆ ನೌಕರ, ಈ ಇಬ್ಬರ ಸಮಕ್ಷಮದಲ್ಲಿ ಪಂಚನಾಮೆಯಾಯಿತು. ಆಗಸ್ಟ್ 13, 14, 15, ಈ ಮೂರು ದಿನಗಳ ಪರೀಕ್ಷಾ ಹಾಳೆಗಳು ಮೂವತ್ತಾರು. ಪ್ರತಿಯೊಂದರಲ್ಲೂ ತಾರೀಖು, ಏಳು ಅಂಶಗಳ ಅಂಕ, ಪರೀಕ್ಷಕರ ಟಿಪ್ಪಣಿ, ಸಹಿ. ಅಪ್ಪಲ್‌ಸಾಮಿ ತಮ್ಮ ಕಿಸೆಯ ಡೈರಿಯನ್ನು ಮುಂದಿಟ್ಟರು. ಆ ಮೂರು ದಿನ ಅವರು ಪರೀಕ್ಷಿಸಿದವರ ಹೆಸರುಗಳು ಇಪ್ಪತ್ತೇಳು. ಉಳಿದ ಒಂಬತ್ತು ಹಾಳೆಗಳಲ್ಲಿ ಇಸಿಕೆಲಿಯದೂ ಒಂದು. ಒಂಬತ್ತೂ ಕಬ್ಬಿನ ಲಾರಿಯವರವು, ಒಂಬತ್ತೂ ಉತ್ತೀರ್ಣ. ಡೈರಿಯಲ್ಲಿದ್ದ ಇಪ್ಪತ್ತೇಳು ಜನರಲ್ಲಿ ಹನ್ನೊಂದು ಮಂದಿ ಅನುತ್ತೀರ್ಣರಾಗಿದ್ದರು.

ಡೈರಿಯನ್ನು ಯಾವಾಗ ಬೇಕಾದರೂ ಬರೆಯಬಹುದು. ಪೌಲಿಯಾಸಿ ಅದನ್ನು ಜಪ್ತಿ ಮಾಡಿದ; ನಂಬಲಿಲ್ಲ.

ವ್ಯವಸ್ಥಾಪಕ ಫೊಂಗ್ ಅವನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡ. ಮುಷ್ಕರದಿಂದ ಬಾಕಿ ಬಿದ್ದ ಪರೀಕ್ಷೆಗಳನ್ನು ಬೇಗ ಮುಗಿಸಲು ರಾಜಧಾನಿಯಿಂದ ಒತ್ತಡವಿತ್ತೆಂದೂ, ಮಾಸ್ಟರ್‌ಗೆ ವಯಸ್ಸಾಯಿತೆಂದೂ, ದಣಿದ ಮನುಷ್ಯ ಕುಳಿತಲ್ಲೇ ಸಹಿ ಹಾಕಿದರೆ ಆಶ್ಚರ್ಯವಿಲ್ಲವೆಂದೂ ಹೇಳಿದ. ಕೇಳದೆಯೇ ಇಷ್ಟು ಹೇಳುವವನ ಮೇಲೂ ಪೌಲಿಯಾಸಿಗೆ ಅನುಮಾನ ಬಂತು.

ಠಾಣೆಗೆ ಮರಳಿ ಅವನು ಲೆಕ್ಕ ಹಾಕಿದ. ಕಚೇರಿಯ ಸಮಯ, ಊಟದ ಬಿಡುವು ಕಳೆದು, ನಾನೂರ ಐವತ್ತು ನಿಮಿಷ. ಒಂದು ಪರೀಕ್ಷೆಗೆ ನಲವತ್ತು ನಿಮಿಷ. ದಿನಕ್ಕೆ ಹನ್ನೆರಡು ಹಾಳೆಯಾದರೆ ನಾನೂರ ಎಂಬತ್ತು ನಿಮಿಷ ಬೇಕು. ಅಂದರೆ ಅಸಾಧ್ಯ. ಆದರೆ ಪ್ರತಿ ಪರೀಕ್ಷೆಯಲ್ಲಿ ಎರಡೂವರೆ ನಿಮಿಷ ಕಡಿತ ಮಾಡಿದರೆ ಹನ್ನೆರಡೂ ಮುಗಿಯುತ್ತವೆ. ಎರಡೂವರೆ ನಿಮಿಷದ ವ್ಯತ್ಯಾಸ ಯಾರನ್ನೂ ಆರೋಪದಿಂದ ಬಿಡಿಸುವುದಿಲ್ಲ.

ಮಧ್ಯಾಹ್ನ ಅವನು ಆಸ್ಪತ್ರೆಗೆ ಹೋದ. ಇಸಿಕೆಲಿಯ ಕೈಗೆ ಪಟ್ಟಿ ಹಾಕಿದ್ದರು. ಇಪ್ಪತ್ತನಾಲ್ಕರ ದೊಡ್ಡ ಆಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಪರೀಕ್ಷೆ ಯಾರು ಮಾಡಿದ್ರು?"

"ಮಾಸ್ಟರ್."

"ಎಲ್ಲಿ ಕೂತಿದ್ರು?"

"ಪಕ್ಕದಲ್ಲಿ."

"ರೈಲು ಬರ್ತಿರೋದು ನಿನ್ನೆ ಕಾಣ್ಲಿಲ್ವಾ?"

"ಕಾಣ್ತು. ದಾಟಬಹುದು ಅನ್ನಿಸ್ತು." ಮುಖ ತಿರುಗಿಸದೆಯೇ ಅವನು ಕೇಳಿದ: "ಬಿಸುನ್ ಅಣ್ಣನಿಗೆ ಮಕ್ಕಳೆಷ್ಟು?"

ಪೌಲಿಯಾಸಿ ಹೇಳಿಕೆಯ ಹಾಳೆ ಮಡಚಿಕೊಂಡು ಎದ್ದ.

ಆಗಸ್ಟ್ 22, ಶುಕ್ರವಾರ. ಉಳಿದ ಎಂಟು ಚಾಲಕರನ್ನು ಒಬ್ಬೊಬ್ಬರನ್ನಾಗಿ ಕರೆಸಲಾಯಿತು. ಮೊದಲು ಅವರ ಪರವಾನಗಿಗಳನ್ನು ಮೇಜಿನ ಮೇಲೆ ಇರಿಸಿಕೊಂಡರು. ಎಂಟೂ ಜನ ಹೇಳಿದ್ದು ಒಂದೇ ಮಾತು: ಮಾಸ್ಟರ್ ಪರೀಕ್ಷೆ ಮಾಡಿದರು, ಎಲ್ಲ ಸರಿಯಾಗಿತ್ತು. ಎಂಟು ಬಾಯಿಗಳಿಂದ ಒಂದೇ ವಾಕ್ಯ ಬಂದರೆ ಬರೆದುಕೊಟ್ಟವರು ಒಬ್ಬರೇ ಇರಬೇಕು.

ಐದನೆಯವನು ಶಿವ್‌ಚರಣ್. ಮಾತಿನ ಮನುಷ್ಯ. ಮಾಸ್ಟರ್ ಬಗ್ಗೆ ಇನ್ನೇನಾದರೂ ನೆನಪಿದೆಯೇ ಎಂದು ರಾಮ್‌ಶರಣ್ ಕೇಳಿದ್ದೇ ಸಾಕಾಯಿತು.

"ಅವರ ಹುಚ್ಚು ನಿಮಗೆ ಗೊತ್ತಲ್ಲ ಭೈಯಾ. ರೈಲು ಬರೋ ತನಕ ಕ್ರಾಸಿಂಗ್‌ನಲ್ಲಿ ಕಾಯಿಸ್ತಾರೆ. ರೈಲು ನೋಡದೆ ಯಾರನ್ನೂ ವಾಪಸ್ ತರಲ್ಲ. ನಾನೂ ಕಾದೆ."

"ಎಷ್ಟು ಹೊತ್ತು?"

"ನಾಲ್ಕು ನಿಮಿಷ."

ರಾಮ್‌ಶರಣ್ ಬರೆದುಕೊಂಡ. ಹುಚ್ಚಿನ ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ರಾಮ್‌ಶರಣನನ್ನೂ ಮಾಸ್ಟರ್ ಹಿಂದೊಮ್ಮೆ ಇಪ್ಪತ್ತು ನಿಮಿಷ ಕಾಯಿಸಿದ್ದರು. ಆದರೆ ಹೇಳಿಕೆಯನ್ನು ಓದಿದ ಪೌಲಿಯಾಸಿ ಕಡತ ಬಿಚ್ಚಿ ಮೂವತ್ತಾರು ಹಾಳೆಗಳ ಟಿಪ್ಪಣಿಗಳನ್ನೂ ಮೊದಲಿನಿಂದ ನೋಡಿದ. ಡೈರಿಯಲ್ಲಿ ಹೆಸರಿದ್ದ ಇಪ್ಪತ್ತೇಳು ಹಾಳೆಗಳಲ್ಲಿ ಒಂದೇ ಬರಹ: 'ರೈಲು ಇಲ್ಲ. ಬಾಯಿಪ್ರಶ್ನೆ ಕೇಳಲಾಯಿತು.' ಉಳಿದ ಒಂಬತ್ತರಲ್ಲಿ: 'ರೈಲು ಬಂತು. ನಿಲ್ಲಿಸಿದರು. ನಾಲ್ಕು ನಿಮಿಷ ಕಾದರು.'

ಶಿವ್‌ಚರಣ್‌ನ ಹಾಳೆಯ ತಾರೀಖು ಆಗಸ್ಟ್ 14.

"ರಾಮ್‌ಶರಣ್, ಹೋದ ವಾರ ಕಾರ್ಖಾನೆ ನಿಂತಿತ್ತಲ್ಲ?"

"ನಿಂತಿತ್ತು ಸಾರ್. ನಮ್ಮನೆಯವಳು ಮೂರು ದಿನ ಬಿಳಿ ಬಟ್ಟೆನೇ ಒಗೆದಳು. ಮಸಿ ಬೀಳ್ತಿರ್ಲಿಲ್ಲ."

ಕಾರ್ಖಾನೆಯಿಂದ ದಿನಚರಿ ಪುಸ್ತಕ ತರಿಸಲಾಯಿತು. ಆಗಸ್ಟ್ 12, ಮಂಗಳವಾರ, ಹನ್ನೊಂದು ಐವತ್ತಕ್ಕೆ ಬಾಯ್ಲರಿನ ಕೊಳವೆ ಒಡೆದಿದೆ. 16, ಶನಿವಾರ, ಬೆಳಿಗ್ಗೆ ಐದಕ್ಕೆ ಮತ್ತೆ ಶುರು. ಈ ನಡುವೆ ಒಂದೂ ರೈಲು ಹಳಿಗಿಳಿದಿಲ್ಲ.

ಪೌಲಿಯಾಸಿ ಕಾಗದ ತೆಗೆದುಕೊಂಡು, ಗಣಿತದ ಲೆಕ್ಕ ಬಿಡಿಸುವವನಂತೆ, ಸಾಲು ಸಾಲಾಗಿ ಬರೆದ. ಕಾರ್ಖಾನೆ ನಿಂತದ್ದು ಈ ಊರಿನಲ್ಲಿ ಯಾರಿಗೂ ಗೊತ್ತಾಗದೆ ಇರುವುದಿಲ್ಲ. ಗೊತ್ತಿದ್ದವರು ಆ ದಿನಗಳ ಹಾಳೆಯಲ್ಲಿ ರೈಲು ಬಂತೆಂದು ಬರೆಯುವುದಿಲ್ಲ. ಆದ್ದರಿಂದ ಒಂಬತ್ತು ಹಾಳೆಗಳನ್ನೂ ಬರೆದದ್ದು 12ರ ಮಧ್ಯಾಹ್ನಕ್ಕೆ ಮೊದಲು, ಮುಂದಿನ ತಾರೀಖು ಹಾಕಿ. ಕಚೇರಿ ಯಾವಾಗ ತೆರೆಯುತ್ತದೆಂದು ತಿಳಿದದ್ದು 8ರ ಸಂಜೆ. ಆದ್ದರಿಂದ ಆಮೇಲೆ. ಅಪ್ಪಲ್‌ಸಾಮಿಗೆ ಮುಂಚಿತವಾಗಿ ಬರೆಯುವ ಅಗತ್ಯವಿಲ್ಲ; ಕಾಗದ, ಸಹಿ, ದಿನ ಮೂರೂ ಅವರವೇ. ಅವರ ಕೈಬರಹವನ್ನು ಒಂದೆಡೆ ಕುಳಿತು ನಿಧಾನವಾಗಿ ಕಲಿಯಬೇಕಾದವರಿಗೆ ಮಾತ್ರ ಅದು ಬೇಕು.

ಸಂಜೆ ನಾಲ್ಕಕ್ಕೆ ಫೊಂಗ್‌ನನ್ನು ಠಾಣೆಗೆ ಕರೆಸಿದರು. ಈ ಸಲ ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಖಾಲಿ ಹಾಳೆಗಳ ಕಪಾಟಿಗೆ ಕೀಲಿಗಳು ಎರಡು. ಒಂದು ಅವನ ಸೊಂಟದಲ್ಲೇ ಇರುತ್ತದೆ. ಇನ್ನೊಂದನ್ನು 9ರ ಶನಿವಾರ, ಆರು ವಾರಗಳ ಧೂಳು ಹೊಡೆಯಲಿಕ್ಕೆಂದು ಲವೆನಿಯಾಳಿಗೆ ಕೊಟ್ಟಿದ್ದ. ಅವನು ಆ ಮಧ್ಯಾಹ್ನದ ವಿಮಾನದಲ್ಲಿ ರಾಜಧಾನಿಗೆ ಹೋಗಿ, ಮಂಗಳವಾರ ಸಂಜೆ ಮರಳಿದ್ದ. ಟಿಕೆಟ್‌ಗಳನ್ನು ತೋರಿಸಿದ.

"ಇದನ್ನ ನಿನ್ನೆನೇ ಯಾಕೆ ಹೇಳ್ಲಿಲ್ಲ?"

"ನೀವು ಮಾಸ್ಟರ್ ವಿಷಯ ಕೇಳ್ತಿದ್ರಿ."

"ನಾನು ಕೇಳ್ಲಿಲ್ಲ. ನೀವೇ ಹೇಳಿದ್ರಿ."

ಫೊಂಗ್ ಟಿಕೆಟ್‌ಗಳನ್ನು ಜೇಬಿಗೆ ಸೇರಿಸಿದ. ಲವೆನಿಯಾ ಮತ್ತೆ ಮುಷ್ಕರಕ್ಕೆ ಕರೆ ಕೊಟ್ಟಾಳೆಂಬ ಹೆದರಿಕೆ ಅವನದು. ಮುದುಕರೊಬ್ಬರು ಸಿಕ್ಕಿಬಿದ್ದರೆ ಕಚೇರಿ ತೆರೆದೇ ಇರುತ್ತದೆ.

ಮುಷ್ಕರದ ಆರು ವಾರವೂ ಕಚೇರಿಯೆದುರಿನ ಮಳೆಮರದ ಕೆಳಗೆ ತಗಡಿನ ಚಪ್ಪರವಿತ್ತು. ಪರೀಕ್ಷೆಗೆಂದು ಬಂದು ಬರಿಗೈಲಿ ಮರಳುವವರ ಹೆಸರನ್ನು ಅಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಕಚೇರಿ ತೆರೆದಾಗ ಸರದಿ ತಪ್ಪದಿರಲೆಂದು. ಸಂಘದ ಖಜಾಂಚಿ ಅದನ್ನು ತಕರಾರಿಲ್ಲದೆ ಕೊಟ್ಟ. ಇನ್ನೂರ ಹದಿನಾಲ್ಕು ಹೆಸರು, ಎಲ್ಲವೂ ಲವೆನಿಯಾಳ ಕೈಬರಹ. ಆ ಒಂಬತ್ತು ಚಾಲಕರ ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನ ಚಿಕ್ಕ ಚುಕ್ಕೆ.

ಆಗಸ್ಟ್ 23, ಶನಿವಾರ, ಬೆಳಿಗ್ಗೆ ಎಂಟು ಹದಿನೈದು. ಲವೆನಿಯಾ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಚಾಪೆ ಹೆಣೆಯುತ್ತಿದ್ದಳು. ಪೌಲಿಯಾಸಿಯ ಹಿಂದೆ ಮಹಿಳಾ ಪೇದೆಯನ್ನೂ ರಾಮ್‌ಶರಣನನ್ನೂ ನೋಡಿದರೂ ಅವಳು ಬೈಯುವುದನ್ನು ಮರೆಯಲಿಲ್ಲ.

"ಏಡಿಕೋರ, ಬೆಳಿಗ್ಗೆ ಬೆಳಿಗ್ಗೆ ನಮ್ಮನೇಲಿ ಏನು ಕದಿಯೋಕೆ ಬಂದೆ? ಮರಗೆಣಸು ಬೇಯ್ತಿದೆ, ಇದ್ದು ತಿಂದ್ಕೊಂಡು ಹೋಗು."

ಪೌಲಿಯಾಸಿ ಟೋಪಿ ತೆಗೆದ.

"ಲವೆನಿಯಾ ಅವರೇ, ಈ ನೋಟ್‌ಬುಕ್ ನಿಮ್ಮದಾ?"

ಅವಳ ಕೈ ನಿಂತಿತು. ನೋಟ್‌ಬುಕ್ಕನ್ನು ಅವಳು ನೋಡಲಿಲ್ಲ. ಅವನ ಮುಖವನ್ನೇ ನೋಡಿದಳು.

"ಬೈಯ್ಲಿಲ್ಲ ನೀನು," ಎಂದಳು.

"ಇಲ್ಲ."

ಅವಳು ಹೆಣಿಗೆಯ ಎಳೆಗಳನ್ನು ಬಿಚ್ಚಿಹೋಗದಂತೆ ಒಂದು ಕಲ್ಲಿನ ಕೆಳಗೆ ಸೇರಿಸಿ ಎದ್ದು ನಿಂತಳು. ಹೇಳಿಕೆಯನ್ನು ಅಲ್ಲಿಯೇ ಬರೆದುಕೊಳ್ಳಲಾಯಿತು. ಶನಿವಾರ ಕಪಾಟಿನಿಂದ ಒಂಬತ್ತು ಹಾಳೆ ತೆಗೆದದ್ದು, ಭಾನುವಾರ ಚರ್ಚಿನಿಂದ ಬಂದ ಮೇಲೆ ಬರೆದದ್ದು, ಪ್ರತಿದಿನ ಮೂರರಂತೆ ನಿಜವಾದ ಹಾಳೆಗಳ ನಡುವೆ ಸೇರಿಸಿದ್ದು, ಹಾಳೆಯಲ್ಲಿ ಬರೆದ ನಾಲ್ಕು ನಿಮಿಷವೂ ಸೇರಿದಂತೆ ಚಾಲಕರಿಗೆ ಹೇಳಬೇಕಾದ ಮಾತನ್ನು ಕಲಿಸಿದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದಳು.

"ಕಾರ್ಖಾನೆ ನಿಂತಾಗ ಗೊತ್ತಾಯ್ತಲ್ಲ. ಯಾಕೆ ತಿದ್ದಲಿಲ್ಲ?"

"ಮಾಸ್ಟರ್ ಹಾಳೇಲಿ ಯಾವತ್ತೂ ತಿದ್ದುಪಡಿ ಇರಲ್ಲ. ಹೊಸ ಹಾಳೆ ತೆಗೆಯೋಣ ಅಂದ್ರೆ ಅಷ್ಟರಲ್ಲಿ ಕೀಲಿ ವಾಪಸ್ ಕೊಟ್ಟಾಗಿತ್ತು. ಅದನ್ನ ಯಾರೂ ಓದಲ್ಲ ಅಂದ್ಕೊಂಡೆ."

"ಅವರಿಂದ ಏನು ತಗೊಂಡ್ರಿ?"

"ಏನೂ ಇಲ್ಲ."

"ಮತ್ತೆ ಯಾಕೆ?"

ಅವಳು ಹೇಳಿದ್ದನ್ನು ರಾಮ್‌ಶರಣ್ ಇದ್ದಂತೆಯೇ ಬರೆದುಕೊಂಡ. ಕಬ್ಬಿನ ಕೆಲಸ ಜೂನಿನಿಂದ ನವೆಂಬರ್‌ವರೆಗೆ. ಲಾರಿಯವರ ವರ್ಷವೆಂದರೆ ಅಷ್ಟೇ. ಮುಷ್ಕರದ ಆರು ವಾರವೂ ಆ ಒಂಬತ್ತು ಜನ ಚಪ್ಪರಕ್ಕೆ ಬರುತ್ತಿದ್ದರು. ಸೌದೆ ಒಡೆದರು, ಗಾಳಿಗೆ ತಗಡು ಹಾರಿದಾಗ ಮತ್ತೆ ಕಟ್ಟಿಕೊಟ್ಟರು, ಮುಷ್ಕರದವರ ಪಕ್ಕದಲ್ಲಿ ಕುಳಿತು ಯಂಗೋನಾ ಬೇರಿನ ಪಾನೀಯ ಕುಡಿದರು. ಪರೀಕ್ಷೆ ಯಾವಾಗ ಎಂದು ಒಬ್ಬನೂ ಕೇಳಲಿಲ್ಲ. ಐದನೆಯ ವಾರ ಇಸಿಕೆಲಿಯ ತಾಯಿ ಬೇಯಿಸಿದ ಕೆಸುವಿನ ಗೆಡ್ಡೆ ತಂದಿಟ್ಟು, "ನೀವು ಗೆದ್ದರೆ ನಿಮಗೆ ಕಳೆದದ್ದು ಸಿಗುತ್ತಮ್ಮ, ಇವನಿಗೆ ಈ ವರ್ಷ ಎಲ್ಲಿ ಸಿಗುತ್ತೆ?" ಎಂದು ಸಹಜವಾಗಿ ಕೇಳಿ ಹೋಗಿದ್ದಳು.

"ಗೆದ್ವಿ," ಎಂದಳು ಲವೆನಿಯಾ. "ಗೆದ್ದ ದಿನ ಎಲ್ಲರೂ ಹಾಡಿದ್ರು. ಇವರೂ ನಮ್ಮ ಜೊತೆ ಹಾಡಿದ್ರು. ಇನ್ನೂರು ಜನರ ಸರದಿ ಮುಗಿಯೋ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕಬ್ಬು ಮುಗಿದಿರುತ್ತೆ ಅಂತ ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರ್ಲಿಲ್ಲ."

"ಮಾಸ್ಟರ್ ಸಿಕ್ಕಿಬೀಳ್ತಿದ್ರು."

"ಅವರ ಹೆಸರಿದ್ರೆ ಯಾರೂ ಎರಡನೇ ಸಲ ನೋಡಲ್ಲ ಅಂತ ಅವರದೇ ಹಾಕಿದೆ." ಆ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ಅವಳು ಮುಖ ತಿರುಗಿಸಿದಳು. "ಮೂರು ದಿನದಿಂದ ಅವರ ಮುಖ ನೋಡೋಕಾಗಿಲ್ಲ."

ಎಂಟು ಐವತ್ತಕ್ಕೆ ಬಂಧನವಾಯಿತು. ಬೇಡಿ ಹಾಕಲಿಲ್ಲ. ಜೀಪು ಹೊರಡುವ ಮುನ್ನ ಅವಳು ಮಹಿಳಾ ಪೇದೆಗೆ, ಒಲೆಯ ಮೇಲಿನ ಮರಗೆಣಸು ಇಳಿಸಿ ಪಕ್ಕದ ಮನೆಗೆ ಕೊಡುವಂತೆ ಹೇಳಿದಳು.

ಅಪ್ಪಲ್‌ಸಾಮಿಗೆ ವಿಷಯ ತಿಳಿಸಲು ಪೌಲಿಯಾಸಿ ತಾನೇ ಹೋದ. ಅವರು ನಿಂತೇ ಕೇಳಿಸಿಕೊಂಡರು. ಯಾರ ಕೈಬರಹವೆಂದು ಮಾತ್ರ ಕೇಳಿ ತಿಳಿದರು. ಉಳಿದ ಎಂಟು ಜನರ ಪರೀಕ್ಷೆಯನ್ನು ಸೋಮವಾರದಿಂದಲೇ, ಕಚೇರಿಯ ಸಮಯಕ್ಕೆ ಮೊದಲು ಮತ್ತು ನಂತರ, ಬೇರೆಯವರ ಸರದಿಗೆ ಧಕ್ಕೆಯಾಗದಂತೆ ತಾವೇ ಮಾಡುವುದಾಗಿ ಒಂದು ಅರ್ಜಿ ಬರೆದು ಅವನ ಕೈಗಿತ್ತರು.

ಎರಡು ದಿನ ಬೆಳಿಗ್ಗೆ ಎರಡು, ಸಂಜೆ ಎರಡರಂತೆ ಎಂಟು ಪರೀಕ್ಷೆಗಳು ನಡೆದವು. ಏಳು ಜನ ಮೊದಲ ಸಲಕ್ಕೇ ತೇರ್ಗಡೆಯಾದರು. ಕಾನೂನಿನ ಯಾವ ಕಲಮೂ ಇದನ್ನು ಕೇಳದಿದ್ದರೂ, ದೋಷಾರೋಪಣೆಯ ಕಡತ ನ್ಯಾಯಾಲಯಕ್ಕೆ ಹೋಗುವ ಮುನ್ನ ಪೌಲಿಯಾಸಿ ಆ ಏಳು ಹಾಳೆಗಳ ಪ್ರತಿಯನ್ನು ಅದರ ಕೊನೆಗೆ ಸೇರಿಸಿ ಹೊಲಿಸಿದ. ಅವುಗಳಿಗೆ ಮೊದಲಿನ ಪುಟದಲ್ಲಿ ಬಿಸುನ್‌ನ ಆಸ್ಪತ್ರೆಯ ವರದಿ ಇತ್ತು.