ಕೆಂಚನ ಗುಳಿಗೆ

"ಏನ್ರೀ ಇದು! ಇದು ದನದ ಆಸ್ಪತ್ರಿ! ಕೂಸಿಗೆ ಹುಷಾರಿಲ್ಲಂದ್ರ ದೊಡ್ಡ ದವಾಖಾನಿಗೆ ಹೋಗ್ರಿ, ಇಲ್ಲಿಗ್ಯಾಕ ತಂದ್ರಿ?"

ದನದ ಡಾಕ್ಟರ್ ಪಾಲಾಕ್ಷ ಊಟ ಬಿಟ್ಟು ಎದ್ದೇ ನಿಂತುಬಿಟ್ಟಿದ್ದ. ಎದುರಿಗೆ ಬೆವರಿನಲ್ಲಿ ತೊಯ್ದ ಹುಡುಗಿ. ಅವಳ ಹೆಗಲ ಮೇಲೆ ಕೌದಿಯಲ್ಲಿ ಸುತ್ತಿದ ದೊಡ್ಡ ಗಂಟು.

ಹುಡುಗಿ ಗಂಟನ್ನು ಸೀದಾ ಅವನ ಮೇಜಿನ ಮೇಲೆ, ತೆರೆದಿಟ್ಟ ಬುತ್ತಿಯ ಪಕ್ಕದಲ್ಲೇ ಇಳಿಸಿದಳು. ಕೌದಿಯೊಳಗಿಂದ ಒಂದು ಉದ್ದ ಮೂತಿ ಹೊರಬಂತು. ರೊಟ್ಟಿಯನ್ನು ಮೂಸಿತು. ಆಮೇಲೆ...

"ಬೌ!"

ಅಯ್ಯೋ ಶಿವನೇ! ಡಾಕ್ಟರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

"ಕೂಸಲ್ರೀ, ನಾಯಿ. ಕೆಂಚ ಅಂತ ಹೆಸರು. ನಾಯಿ ಅಂದ್ರ ಕಂಡಕ್ಟರ್ ಬಸ್ ಹತ್ತಿಸಂಗಿಲ್ಲ, ಅದಕ್ಕ ಹಿಂಗ ಸುತ್ಕೊಂಡು ಬಂದೀನಿ. ನೀಲಗುಂದದಿಂದ ಇಲ್ಲೀ ತನಕ ಉಸುರೆತ್ತಿಲ್ಲ ಪಾಪ."

ಅದು ಎರಡು ಸಾವಿರದ ಮೂರನೇ ಇಸವಿ. ಪಾಲಾಕ್ಷ ಹರಪನಹಳ್ಳಿಯ ಪಶು ಆಸ್ಪತ್ರೆಗೆ ಬಂದು ಮೂರು ತಿಂಗಳಾಗಿತ್ತು. ಎಮ್ಮೆ, ಎತ್ತು, ಕುರಿ ಎಲ್ಲ ನೋಡಿದ್ದ. ಮುದಿ ನಾಯಿಯನ್ನು ಕೂಸಿನ ಹಾಗೆ ಹೊತ್ತು ತರುವವರನ್ನು ಮಾತ್ರ ನೋಡಿರಲಿಲ್ಲ. ಅವಳ ಹೆಸರು ದುರ್ಗಾದೇವಿ, ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿನಲ್ಲಿ ಕೆಲಸ ಅಂತ ಗೊತ್ತಾಗುವಷ್ಟರಲ್ಲಿ ಅವನಿಗೆ ಹಸಿವೆಯೂ ಮರೆತುಹೋಗಿತ್ತು.

ಕೆಂಚನನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ.

"ವಯಸ್ಸಾಗೈತಿ. ಹಿಂದಿನ ಕಾಲಿನ ಕೀಲು ಬಿಗದಾವು, ಚರ್ಮನೂ ಒಣಗೈತಿ. ಮೀನೆಣ್ಣಿ ಗುಳಿಗಿ ಬರಕೊಡ್ತೀನಿ, ದಿನಾ ಒಂದು ರೊಟ್ಟ್ಯಾಗ ಇಟ್ಟು ಹಾಕ್ರಿ. ಎರಡು ಮೂರು ತಿಂಗಳಿಗೆ ಕೂದಲು ಮಿಂಚ್ತಾವು, ಕಾಲೂ ಸಡಿಲ ಆಗ್ತಾವು."

"ಮೀನೆಣ್ಣಿನಾ?!"

ದುರ್ಗಾಳ ಮುಖ ಬಿಳುಚಿಕೊಂಡಿತು.

"ಬ್ಯಾಡ್ರಿ... ನಮ್ಮನ್ಯಾಗ ಮೀನು ಅನ್ನೋ ಮಾತೂ ಎತ್ತಂಗಿಲ್ಲ!"

"ಯಾಕ್ರೀ?"

ಅವಳು ತಲೆ ತಗ್ಗಿಸಿ ಹೇಳಿದಳು. ತಾಯಿ ಇಲ್ಲದ ಅವಳನ್ನು ಸಾಕಿದವಳು ಅಜ್ಜಿ ಜಂಬಮ್ಮ. ದುರ್ಗಾಗೆ ಮೂರು ವರ್ಷವಿದ್ದಾಗ ಜ್ವರ ಏರಿ, ಡಾಕ್ಟರೂ ಕೈಚೆಲ್ಲಿದ್ದರಂತೆ. ಜಂಬಮ್ಮ ಒದ್ದೆ ಸೀರೆಯಲ್ಲಿ ಭೀಮೇಶ್ವರನ ಗುಡಿಗೆ ಹೋಗಿ, ಈ ಕೂಸು ಉಳಿದರೆ ಸಾಯುವ ತನಕ ಮೀನು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ಮೀನೆಂದರೆ ಜೀವ ಬಿಡುತ್ತಿದ್ದ ಹೆಂಗಸು! ಅಂದಿನಿಂದ ಇಂದಿನವರೆಗೆ, ಇಪ್ಪತ್ತೊಂದು ವರ್ಷ, ಮೀನಿನ ಸಾರು ಕುದಿಯುವ ಓಣಿಯಲ್ಲೂ ಕಾಲಿಟ್ಟಿಲ್ಲ.

"ಆ ಹರಕಿ ಮುರದ್ರ ನನ್ನ ಜೀವಕ್ಕ ಬರತೈತಿ ಅಂತ ಆಕಿ ನಂಬ್ಯಾಳ್ರೀ."

ಪಾಲಾಕ್ಷ ತುಟಿಯಲ್ಲೇ ನಕ್ಕ.

"ತಿನ್ನಾಂವ ಕೆಂಚ, ಅಜ್ಜಿ ಅಲ್ಲಲ್ಲ? ಮನ್ಯಾಗ ಅಗಸಿ ಎಣ್ಣಿ ಗುಳಿಗಿ ಅಂತ ಹೇಳ್ರಿ. ಸಣ್ಣ ಸುಳ್ಳು. ಯಾರಿಗೇನು ಹಾನಿ?"

ಯಾರಿಗೇನು ಹಾನಿ! ಈ ಮಾತು ಆಡುವ ಬಾಯಿಗೆ ಮುಂದೇನು ಕಾದಿದೆ ಅಂತ ಯಾವತ್ತು ಗೊತ್ತಿರುತ್ತದೆ ಹೇಳಿ!

*

ದಿನಾ ಬೆಳಿಗ್ಗೆ ದುರ್ಗಾ ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿಯ ತುಂಡಿನೊಳಗೆ ಹಳದಿ ಗುಳಿಗೆ ಇಟ್ಟು, ಪಡಸಾಲೆಯ ಕಟ್ಟೆಯ ಮೇಲೆ ಕೂತ ಅಜ್ಜಿಯ ಕೈಗೆ ಕೊಟ್ಟು, "ಕೆಂಚಗ ಹಾಕಬೇ, ಅಗಸಿ ಎಣ್ಣಿ ಗುಳಿಗಿ, ಅವನ ಕಾಲಿಂದು" ಎಂದು ಏಳೂವರೆ ಬಸ್ಸಿಗೆ ಓಡುತ್ತಿದ್ದಳು. ಅಜ್ಜಿಯ ಮಂಡಿಗಳು ಆರು ವರ್ಷದಿಂದ ಬಿಗಿದಿದ್ದವು. ಬಚ್ಚಲಿಗೆ ಹೋಗಬೇಕೆಂದರೂ ಗೋಡೆ ಹಿಡಿಯಬೇಕು.

ಗುರುವಾರ ಗುರುವಾರ ಪಾಲಾಕ್ಷ ಕುರಿಗಳಿಗೆ ಚುಚ್ಚುಮದ್ದು ಹಾಕಲು ನೀಲಗುಂದಕ್ಕೆ ಬರುತ್ತಿದ್ದ. ಕುರಿಗಳ ಕೆಲಸ ಒಂದು ಗಂಟೆ. ಕೆಂಚನ ಕೆಲಸ ಎರಡು ಗಂಟೆ! ಅದೂ ದುರ್ಗಾ ಬಸ್ಸಿಳಿಯುವ ಸಂಜೆಯ ಹೊತ್ತಿಗೇ ಸರಿಯಾಗಿ. ಜಂಬಮ್ಮನಿಗೇನು ಕಣ್ಣಿಲ್ಲವೇ? ಚಾ ಕೊಡಿಸಿ, ಸುಮ್ಮನೆ ಅಡಿಕೆ ಅಗಿಯುತ್ತಾ ಇಬ್ಬರ ಮುಖವನ್ನೂ ನೋಡುತ್ತಿದ್ದಳು.

ಒಂದು ದಿನ ಪಾಲಾಕ್ಷ ಎಸ್‌ಟಿಡಿ ಬೂತಿಗೇ ಬಂದ. ಗಾಜಿನ ಪೆಟ್ಟಿಗೆಯೊಳಗೆ ಹೋಗಿ ರಿಸೀವರ್ ಎತ್ತಿದ. ನಂಬರ್ ಒತ್ತಲಿಲ್ಲ. ಬಾಗಿಲೂ ಹಾಕಲಿಲ್ಲ.

"ಹಲೋ... ದುರ್ಗಾದೇವಿ ಅದಾರೇನ್ರಿ? ಅವರಿಗೊಂದು ಮಾತು ಕೇಳೋದಿತ್ತು. ನನ್ನ ಮದುವಿ ಆಗ್ತಾರೇನು ಅಂತ."

ದುರ್ಗಾಳ ಎದೆ ಧಸಕ್ಕೆಂದಿತು! ಕೆನ್ನೆ ಬಿಸಿಯಾಯಿತು. ಹೌದು ಅನ್ನು, ಹೌದು ಅನ್ನು ಎಂದು ಮನಸ್ಸು ಕೂಗುತ್ತಿತ್ತು. ಬಾಯಿ ಬೇರೆಯದನ್ನೇ ಹೇಳಿತು.

"ಇಡ್ರಿ ಫೋನು... ಅಜ್ಜಿನ್ನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ರಿ."

"ಅಜ್ಜಿನ್ನೂ ಕರ್ಕೊಂಡು ಬರ್ರಿ."

"ಆಕಿ ಆ ಮನಿ ಹೊಸ್ತಿಲ ದಾಟಂಗಿಲ್ಲ. ಎದ್ದು ನಾಕು ಹೆಜ್ಜಿ ಇಡಾಕ ಬರಂಗಿಲ್ಲ ಆಕಿಗೆ. ಮೂರು ಸಂಬಂಧ ಹಿಂಗ ವಾಪಸ್ ಕಳಿಸೀನಿ. ನಿಮ್ಮದೂ..."

ಪಾಲಾಕ್ಷ ರಿಸೀವರ್ ಇಟ್ಟು, ತಲೆ ತಗ್ಗಿಸಿ ಹೋದ. ದುರ್ಗಾ ಅವತ್ತು ಸಂಜೆಯ ತನಕ ಯಾರಿಗೂ ಮುಖ ಕೊಟ್ಟು ಮಾತಾಡಲಿಲ್ಲ.

*

ಮೂರು ತಿಂಗಳು ತುಂಬಿತು. ಕೆಂಚ ಹೇಗಿದ್ದನೋ ಹಾಗೇ ಇದ್ದ! ಅದೇ ಕುಂಟು, ಅದೇ ಉದುರುವ ಕೂದಲು.

ಪಾಲಾಕ್ಷನಿಗೆ ಸಿಟ್ಟು ಬಂತು. ಅದರಲ್ಲಿ ನಾಯಿಯ ಪಾಲು ಎಷ್ಟು, ಬೂತಿನಲ್ಲಿ ಸಿಕ್ಕ ಉತ್ತರದ ಪಾಲು ಎಷ್ಟು, ಅವನೇ ಬಲ್ಲ.

"ನಿಜ ಹೇಳ್ರಿ. ಗುಳಿಗಿ ಹಾಕೀರೇನು, ಇಲ್ಲ ತಿಪ್ಪಿಗೆ ಒಗದೀರೇನು? ನನ್ನ ಮ್ಯಾಲಿನ ಬ್ಯಾಸರಾನ ಮೂಕಪ್ರಾಣಿ ಮ್ಯಾಲೆ ತೀರಿಸ್ಕೋಬ್ಯಾಡ್ರಿ!"

ದುರ್ಗಾಳ ಕಣ್ಣು ತುಂಬಿಬಂತು. (ಇಷ್ಟೇ ಏನು ಇವರು ನನ್ನ ಅರ್ಥ ಮಾಡಿಕೊಂಡದ್ದು?)

"ನಿಮ್ಮ ಗುಳಿಗಿನ ಖೊಟ್ಟಿ! ನಾಳಿ ಮುಂಜಾನಿ ಬರ್ರಿ. ನಿಮ್ಮ ಕಣ್ಣಾರೆ ನೋಡ್ರಿ, ಹಾಕ್ತೀನೋ ಇಲ್ಲೋ!"

ಮರುದಿನ ಅವಳು ಎಂದಿನಂತೆ ರೊಟ್ಟಿಯ ತುಂಡಿನಲ್ಲಿ ಗುಳಿಗೆ ಇಟ್ಟು ಅಜ್ಜಿಗೆ ಕೊಟ್ಟಳು. ಬಸ್ಸಿಗೆ ಹೊರಟವಳ ಹಾಗೆ ಹೊರಬಿದ್ದು, ಮೂಲೆಯಲ್ಲಿ ಕಾಯುತ್ತಿದ್ದ ಪಾಲಾಕ್ಷನನ್ನು ಹಿತ್ತಲಿನಿಂದ ಕರೆತಂದಳು. ಇಬ್ಬರೂ ಕಿಟಕಿಗೆ ಕಣ್ಣಿಟ್ಟರು.

ಕೆಂಚ ಬಾಲ ಅಲ್ಲಾಡಿಸುತ್ತಾ ಅಜ್ಜಿಯ ಮುಂದೆ ಕೂತಿದ್ದ. ಅಜ್ಜಿ ಬೀದಿಯ ಕಡೆ ಒಮ್ಮೆ ನೋಡಿದಳು. ರೊಟ್ಟಿ ಬಿಚ್ಚಿದಳು. ಗುಳಿಗೆ ತೆಗೆದಳು, ಸೆರಗಿಗೆ ಒರೆಸಿದಳು...

ಬಾಯಿಗೆ ಹಾಕಿಕೊಂಡಳು!

ದುರ್ಗಾ ಚೀರದಂತೆ ಪಾಲಾಕ್ಷ ಅವಳ ಬಾಯಿ ಮುಚ್ಚಬೇಕಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಜಂಬಮ್ಮ ಖಾಲಿ ರೊಟ್ಟಿಯನ್ನು ನಾಯಿಗೆ ಹಾಕಿ, ಕಟ್ಟೆಯಿಂದ ಎದ್ದಳು. ಗೋಡೆ ಮುಟ್ಟಲಿಲ್ಲ. ಕೋಲು ಹಿಡಿಯಲಿಲ್ಲ. ನಡುಮನೆ ದಾಟಿ, ಹಂಡೆಯ ತನಕ ತನ್ನ ಕಾಲ ಮೇಲೆ ತಾನೇ ನಡೆದುಹೋಗಿ ನೀರು ಕುಡಿದಳು!

"ಅಜ್ಜಿ... ನಡಿಯಾಕತ್ಯಾಳ..." ದುರ್ಗಾ ತೊದಲಿದಳು. ಮರುಕ್ಷಣವೇ ಪಾಲಾಕ್ಷನ ತೋಳು ಹಿಡಿದಳು. "ಮೀನೆಣ್ಣಿ! ಅಯ್ಯೋ, ಮೂರು ತಿಂಗಳು ಮೀನೆಣ್ಣಿ ತಿಂದಾಳಲ್ರೀ! ನನ್ನ ಕೈಯಾರೆ ಆಕಿ ಹರಕಿ ಮುರದ್ನಲ್ರೀ!"

ಹಿತ್ತಲ ಬೇವಿನ ಮರದ ಬುಡದಲ್ಲಿ ಕುಸಿದು ಕೂತಳು. ಪಾಲಾಕ್ಷ ಅವಳೆದುರು ಕೂತ.

"ಅಜ್ಜಿಗೆ ಹೇಳಬೇಕ್ರೀ."

"ಏನಂದ್ರಿ?!"

"ಸುಳ್ಳು ನಂದು. ನಾನ ಹೇಳ್ತೀನಿ. ಅವರು ಬೈಲಿ, ಹೊಡೀಲಿ."

"ಬೈಯಂಗಿಲ್ಲ, ಹೊಡಿಯಂಗಿಲ್ಲ. ಅಂಜ್ಕೊಂಡು ಸಾಯ್ತಾಳ! ನನಗೊಂದು ಕೆಮ್ಮು ಬಂದ್ರೂ ತನ್ನಿಂದನ ಅಂತ ಎದಿ ಒಡ್ಕೊಂತಾಳ. ನಾಳಿಂದ ಗುಳಿಗಿ ತರಂಗಿಲ್ಲ, ಮುಗೀತು. ನೀವು ಬಾಯಿ ಬಿಟ್ರ..." ಅವಳು ಎದ್ದು ನಿಂತಳು. "ಬಾಯಿ ಬಿಟ್ರ ಮತ್ತ ನನ್ನ ಮುಖ ನೋಡಬ್ಯಾಡ್ರಿ!"

*

ಗುಳಿಗೆ ನಿಂತಿತು. ಅಜ್ಜಿ ಮಾತ್ರ ದಿನಾ ಕೇಳುತ್ತಿದ್ದಳು.

"ಕೆಂಚನ ಗುಳಿಗಿ ತಂದ್ಯೇನಬೇ?"

"ಅಂಗಡ್ಯಾಗ ತೀರ್‍ಯಾವಂತಬೇ."

ಕೇಳಿದಾಗಲೆಲ್ಲ ದುರ್ಗಾಳ ಎದೆಗೆ ಚೂರಿ ಹಾಕಿದ ಹಾಗಾಗುತ್ತಿತ್ತು. ಈ ಕಡೆ ಅಜ್ಜಿಯ ನಡಿಗೆ, ಆ ಕಡೆ ಅಜ್ಜಿಯ ಹರಕೆ. ಯಾವುದನ್ನು ಉಳಿಸಲಿ ದೇವರೇ? ರೊಟ್ಟಿ ಬಡಿಯುತ್ತಾ ಅಳುತ್ತಿದ್ದಳು, ಅಜ್ಜಿ ಕೇಳಿದರೆ ಹೊಗೆ ಅನ್ನುತ್ತಿದ್ದಳು.

ಗುರುವಾರ ಸಂಜೆ ಪಾಲಾಕ್ಷ ಬಂದ. ಕೆಂಚನ ಕಡೆ ನೋಡಲಿಲ್ಲ, ದುರ್ಗಾಳ ಕಡೆಯೂ ನೋಡಲಿಲ್ಲ. ಸೀದಾ ಜಂಬಮ್ಮನ ಮುಂದೆ ನೆಲದ ಮೇಲೆ ಕೂತ.

"ಡಾಕ್ಟ್ರ, ಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ್ರಿ!" ದುರ್ಗಾ ಒಳಗಿನಿಂದ ಓಡಿಬಂದಳು.

"ಅಜ್ಜಿ, ಅದು ಅಗಸಿ ಎಣ್ಣಿ ಅಲ್ಲ. ಮೀನೆಣ್ಣಿ. ಸುಳ್ಳು ಹೇಳಾಕ ಹಚ್ಚಿದಾಂವ ನಾನು. ನಿಮ್ಮ ಮೊಮ್ಮಗಳ ತಪ್ಪಿಲ್ಲ. ನೀವು ತಿಂದಿದ್ದನ್ನ ನಾವು ನೋಡೀವಿ. ಏನು ಶಿಕ್ಷಿ ಕೊಡ್ತೀರೋ ನನಗ ಕೊಡ್ರಿ."

ದುರ್ಗಾ ಅಜ್ಜಿಯ ಬೆನ್ನಿಗೆ ಕೈ ಚಾಚಿದಳು. ಅಜ್ಜಿ ಈಗ ಎದೆ ಹಿಡಿದುಕೊಳ್ಳುತ್ತಾಳೆ, ಈಗ ಬೀಳುತ್ತಾಳೆ...

ಜಂಬಮ್ಮ ಬಾಯೊಳಗಿನ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಮುಗೀತೇನಪ್ಪ ನಿಂದು?"

"ಹೂಂ..."

"ಗೊತ್ತಿತ್ತು ನನಗ."

"ಆಂ?!" ಇಬ್ಬರೂ ಒಟ್ಟಿಗೇ ಕೂಗಿದರು.

"ಮೊದಲ್ನೇ ದಿನಾನ ತೇಗು ಬಂತು ನೋಡು! ನಲವತ್ತು ವರ್ಷ ಮೀನು ತಿಂದ ಬಾಯಿ ಇದು. ವಾಸನಿ ಗೊತ್ತಾಗಂಗಿಲ್ಲೇನು? ಅಗಸಿ ಎಣ್ಣಿ ಅಂತ, ಅಗಸಿ ಎಣ್ಣಿ! ಯಾರಿಗೆ ಹೇಳ್ತೀರಿ?"

ದುರ್ಗಾ ಅಜ್ಜಿಯ ಮುಂದೆ ಕೂತಳು. "ಗೊತ್ತಿದ್ದೂ... ಗೊತ್ತಿದ್ದೂ ತಿಂದ್ಯೇನಬೇ? ಹರಕಿ?"

"ಮೊದಲ್ನೇ ದಿನ ಆಶಾಕ್ಕ ತಿಂದೆ. ನಾಯಿ ಕಾಲು ಸಡಿಲ ಆದ್ರ ನನ್ನವೂ ಆಗ್ತಾವಲ್ಲ ಅಂತ. ತೇಗು ಬಂದ ಕೂಡ್ಲೆ ಎದಿ ಝಲ್ ಅಂತು, ಇನ್ನ ಮುಟ್ಟಬಾರದು ಅಂತ ಆಣಿ ಮಾಡ್ಕೊಂಡೆ. ಅವತ್ತ ಸಂಜಿಕಿ ನಿನ್ನ ನೋಡಾಕ ಬಂದ ಅರಸೀಕೆರಿ ಗಂಡಿನ ಕಡೆಯವರಿಗೆ ನೀ ಏನಂದಿ?"

ದುರ್ಗಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"'ನಮ್ಮಜ್ಜಿಗೆ ಕಾಲಿಲ್ಲ, ನಾ ಮದುವಿ ಆಗಂಗಿಲ್ಲ' ಅಂದಿ. ಒಳಗ ಕುಂತು ಕೇಳಿಸ್ಕೊಂಡೆ. ಮರುದಿನ ಮುಂಜಾನಿ ಕೈಮುಗದು ನುಂಗಿದೆ. ಲೇ ದುರುಗಿ, ಅವತ್ತು ನೀ ಉಳೀಲಿ ಅಂತ ಮೀನು ಬಿಟ್ಟೆ. ಈಗ ನೀ ಗಂಡನ ಮನಿಗೆ ಹೋಗ್ಲಿ ಅಂತ ತಿಂದೆ."

"ಅಂಜಿಕಿ ಬರಲಿಲ್ಲೇನಬೇ ನಿನಗ?"

ಅಲ್ಲಿಯ ತನಕ ಗಟ್ಟಿಯಾಗಿದ್ದ ಮುದುಕಿಯ ದನಿ ಈಗ ನಡುಗಿತು.

"ಬರದ ಏನು? ದಿನಾ ನೀ ಬಸ್ಸಿಳದು ಓಣ್ಯಾಗ ಕಾಣೋ ತನಕ ಬಾಗಲದಾಗ ಕುಂದರ್ತಿದ್ದೆ, ಜೀವ ಕೈಯಾಗ ಹಿಡಕೊಂಡು. ಮೊದಲ್ನೇ ದಿನ ಬಂದಿ. ಮರುದಿನನೂ ಬಂದಿ. ಮೂರು ತಿಂಗಳು ದಿನಾ ನಕ್ಕೋತ ಬಂದಿ. ಆಗ ತಿಳೀತು, ಭೀಮೇಶ್ವರ ಒಪ್ಪ್ಯಾನ ಅಂತ."

ದುರ್ಗಾ ಅಜ್ಜಿಯ ಮಡಿಲಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಪಾಲಾಕ್ಷ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

"ನಡದು ತೋರಸ್ಬೇಕಿತ್ತಲ್ಲಬೇ, ಯಾಕ ಮುಚ್ಚಿಟ್ಟಿ?"

"ತೋರಿಸಿದ್ರ ಹೆಂಗಾತು ಅಂತ ಕೇಳ್ತಿದ್ದಿ. ಪೂರಾ ಗಟ್ಟಿ ಆಗ್ಲಿ ಅಂತ ಕಾಯ್ತಿದ್ದೆ. ಅಷ್ಟ್ರಾಗ ಗುಳಿಗಿ ನಿಲ್ಲಿಸಿಬಿಟ್ಟಿ, ಹುಚ್ಚಿ!" ಜಂಬಮ್ಮ ಮೊಮ್ಮಗಳ ತಲೆಗೊಂದು ಮೊಟಕಿದಳು. "ದೇವ್ರಿಗೆ ನಾ ಉತ್ತರ ಹೇಳ್ತೀನಿ. ಕೆಂಚಂದು ಕಸಗೊಂಡು ತಿಂದ್ನಲ್ಲ, ಅದೊಂದ ನನಗ ಬ್ಯಾಸರ. ಪಾಪ, ಮೂರು ತಿಂಗಳು ನನ್ನ ಮುಖ ನೋಡ್ಕೊಂತ ಬರೇ ರೊಟ್ಟಿ ತಿಂದಾನ."

"ಕೆಂಚಗ ನಾಳಿನ ತರ್ತೀನಜ್ಜಿ," ಎಂದ ಪಾಲಾಕ್ಷ. "ನಿಮ್ಮ ಮಂಡಿಗೆ ದಾವಣಗೆರಿ ಎಲುಬಿನ ಡಾಕ್ಟರ ಹತ್ರ ಹೋಗೋಣ. ನಾ ದನದ ಡಾಕ್ಟರು."

"ನನ್ನ ದುರುಗಿ ಬಾಳೇವಿಗೆ ದನದ ಡಾಕ್ಟರಾದ್ರೂ ನಡೀತೈತಿ. ನನಗ ಹೆದರದ ಖರೇ ಹೇಳಿದ್ಯಲ್ಲ, ಸಾಕು," ಎಂದು ಜಂಬಮ್ಮ ಎದ್ದಳು. "ಏಳ್ರಿ, ಹೊತ್ತು ಮುಳುಗೂದ್ರಾಗ ಭೀಮೇಶ್ವರಗ ತಪ್ಪುಗಾಣಿಕಿ ಹಾಕಿ ಬರಬೇಕು. ಆರು ವರ್ಷ ಆತು ಅವನ ಮುಖ ನೋಡಿ."

ಅಜ್ಜಿ ಹೊಸ್ತಿಲು ದಾಟಿದಳು. ಗೋಡೆಯಿಲ್ಲ, ಕೋಲಿಲ್ಲ! ಓಣಿಯ ಕಟ್ಟೆಯ ಮೇಲಿದ್ದ ಚೌಡಕ್ಕ "ಯವ್ವಾ, ಜಂಬಮ್ಮ ನಡದ್ಲಲ್ಲೇ!" ಎಂದು ಬಾಯಿ ಮೇಲೆ ಕೈಯಿಟ್ಟಳು. ಅಜ್ಜಿ ಮುಂದೆ, ಕುಂಟುತ್ತಾ ಕೆಂಚ ಹಿಂದೆ, ಅವರ ಹಿಂದೆ ಇವರಿಬ್ಬರು.

"ನನ್ನ ಮುಖ ನೋಡಬ್ಯಾಡ್ರಿ ಅಂದಿದ್ರಿ," ಪಾಲಾಕ್ಷ ಮೆಲ್ಲಗೆ ಹೇಳಿದ. "ನೋಡದ ನಡ್ಯಾಕತ್ತೀನಿ."

"ಭಾಳ ಮಾತು ಕೇಳೋರು!" ದುರ್ಗಾ ಒದ್ದೆ ಕಣ್ಣಲ್ಲೇ ನಕ್ಕಳು. ನಾಲ್ಕು ಹೆಜ್ಜೆ ನಡೆದಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಅವತ್ತು ಬೂತಿನಾಗ ಒಂದು ಕೇಳಿದ್ರಲ್ಲ..." ಎಂದಳು.

"ಏನು?"

"ಅದನ್ನ... ಇನ್ನೊಂದು ಸಲ ಕೇಳ್ರಿ."

ಪಾಲಾಕ್ಷ ದಾರಿಯ ನಡುವೆಯೇ ನಿಂತ. ಈಗ ಅವಳ ಮುಖವನ್ನೇ ನೋಡಿದ.

"ದುರ್ಗಾ, ನನ್ನ ಮದುವಿ ಆಗ್ತೀಯೇನು?"

ಅವಳು ಸೆರಗಿನ ತುದಿಯನ್ನು ಮತ್ತೆ ಬೆರಳಿಗೆ ಸುತ್ತತೊಡಗಿದಳು. ಮುಂದೆ ನಡೆಯುತ್ತಿದ್ದ ಅಜ್ಜಿ ಹಿಂದೆ ತಿರುಗದೆಯೇ ಕೂಗಿದಳು.

"ಹೂಂ ಅನ್ನ ಲೇ ದುರುಗಿ! ನನ್ನ ಮಂಡಿ ಭಾಳ ಹೊತ್ತು ತಡಿಯಂಗಿಲ್ಲ!"

"ಹೂಂ," ಎಂದಳು ದುರ್ಗಾ.