ಡಾಕ್ಟರ್ ಒಡೆಟ್‌ಳ ನಾಲ್ಕು ಪೇಷೆಂಟ್‌ಗಳು

"ನಾಲ್ಕಕ್ಕೆ ನಾಲ್ಕೂ ಕೋಳಿಗೆ ಕಾಯಿಲೆ," ಎಂದಳು ಒಡೆಟ್.

ಅಡುಗೆಮನೆಯ ನೆಲದ ಮೇಲೆ ನಾಲ್ಕು ರಟ್ಟಿನ ಡಬ್ಬಗಳು. ಒಂದೊಂದರಲ್ಲೂ ಒಂದೊಂದು ಕೋಳಿ ಕೂತು ಗೊಣಗುತ್ತಿತ್ತು.

ಕೋಳಿ ತಿಂದದ್ದು ಮೊದಲು ಕುತ್ತಿಗೆಯ ಬುಡದಲ್ಲಿರುವ ಚೀಲಕ್ಕೆ ಇಳಿಯುತ್ತದೆ. ಅದು ಕಟ್ಟಿಕೊಂಡರೆ ಕೋಳಿ ಸತ್ತೇ ಹೋಗಬಹುದು ಎಂದು ಅವಳು ಲೈಬ್ರರಿ ಪುಸ್ತಕದಲ್ಲಿ ಓದಿದ್ದಳು. ಓದಿದ್ದು ಅರ್ಧ ಪುಟ. ಸಂಜೆ ಹಿತ್ತಲ ಗೂಡಿಗೆ ಹೋಗಿ ಮುಟ್ಟಿದರೆ ನಾಲ್ಕರ ಚೀಲವೂ ಉಬ್ಬಿತ್ತು. ತಕ್ಷಣ ಅಪ್ಪನ ಬಿಳಿ ಶರ್ಟು ಹಾಕಿಕೊಂಡು ಡಾಕ್ಟರ್ ಆಗಿಬಿಟ್ಟಿದ್ದಳು.

ಅವಳ ಅಜ್ಜಿಯನ್ನು ಮನೆಯವರೆಲ್ಲ ಮೆಮೇರ್ ಎನ್ನುತ್ತಿದ್ದರು. ಚಿಕ್ಕಂದಿನಿಂದ ಕೋಳಿ ಸಾಕಿದವಳು. ಡಬ್ಬಗಳನ್ನು ನೋಡಿ ಕುರ್ಚಿ ಹಿಡಿದುಕೊಂಡು ನಕ್ಕಳು.

"ದಿನವಿಡೀ ಮೇಯ್ದ ಕೋಳಿಗೆ ಸಂಜೆ ಚೀಲ ತುಂಬದೆ ಇನ್ನೇನಾಗತ್ತೆ, ಪುಟ್ಟಿ? ಊಟ ಆದ್ಮೇಲೆ ನನ್ನ ಹೊಟ್ಟೆ ಮುಟ್ಟಿ ನೋಡು. ನನಗೂ ಒಂದು ಡಬ್ಬ ಬೇಕಾಗತ್ತೆ."

ತಮ್ಮ ರೆಮಿ ನಕ್ಕ ರಭಸಕ್ಕೆ ಕುಡಿಯುತ್ತಿದ್ದ ಹಾಲು ಮೂಗಿನಿಂದ ಬಂತು. ಡಾಕ್ಟರ್ ಒಡೆಟ್ ಕೆಂಪು ಮುಖದಿಂದ ತನ್ನ ಪೇಷೆಂಟ್‌ಗಳನ್ನು ಒಂದೊಂದಾಗಿ ಗೂಡಿಗೆ ಹೊತ್ತೊಯ್ದು ಬಿಟ್ಟಳು.

ಬೆಳಗಾಗುವಷ್ಟರಲ್ಲಿ ಚೀಲ ಖಾಲಿಯಾಗಿರುತ್ತದೆ ಎಂದು ಮೆಮೇರ್ ಹೇಳಿದ್ದಳು. ಸ್ಕೂಲ್ ಬಸ್ ಬರುವ ಮೊದಲು ಒಡೆಟ್ ಯಾರಿಗೂ ಹೇಳದೆ ಗೂಡಿಗೆ ಹೋದಳು. ಮೂರು ಕೋಳಿಗಳ ಚೀಲ ಚಪ್ಪಟೆಯಾಗಿತ್ತು. ವ್ಯಾಫಲ್ ಎಂಬ ಕಂದು ಕೋಳಿಯದ್ದು ಮಾತ್ರ ಚೆಂಡಿನಂತೆ ಗಟ್ಟಿ. ಅದು ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿತ್ತು.

ಈಗ ಹೋಗಿ ಹೇಳಿದರೆ ಮತ್ತೆ ನಗು. ಸುಮ್ಮನೆ ಬಸ್ ಹತ್ತಿಬಿಡಲೇ ಅನ್ನಿಸಿತು. ಇನ್ನೊಮ್ಮೆ ಮುಟ್ಟಿದಳು. ಗಟ್ಟಿಯೇ.

ವ್ಯಾಫಲನ್ನು ಎತ್ತಿಕೊಂಡು ಒಳಗೆ ಬಂದಳು. "ಮೆಮೇರ್, ನೀನು ಎಷ್ಟು ಬೇಕಾದ್ರೂ ನಗು. ಆದ್ರೆ ಮೊದ್ಲು ಇದನ್ನ ಮುಟ್ಟಿ ನೋಡು."

ಮೆಮೇರ್ ಮುಟ್ಟಿದಳು. ನಗಲಿಲ್ಲ.

ಮೇವು ನಿಲ್ಲಿಸಿ, ಗಟ್ಟಿಯಾದ ತೆಂಗಿನೆಣ್ಣೆಯನ್ನು ಬಟಾಣಿಯಷ್ಟು ತೆಗೆದು ಕೊಕ್ಕಿಗೆ ಹಿಡಿದರು. ಆಮೇಲೆ ಚೀಲವನ್ನು ಮೆಲ್ಲನೆ ತೀಡಬೇಕು, ಒತ್ತಬಾರದು. ಮೆಮೇರ್ ತೋರಿಸಿದಳು, ಒಡೆಟ್ ತೀಡಿದಳು. ನಾಳೆಗೂ ಇಳಿಯದಿದ್ದರೆ ನಿಜವಾದ ಡಾಕ್ಟರ ಹತ್ತಿರ ಹೋಗೋಣ ಎಂದು ಮೆಮೇರ್ ಹೇಳಿದಳು. ನಡುವೆ, ಚೀಲದಲ್ಲಿ ಸಿಕ್ಕಿಕೊಳ್ಳುವಂಥ ಉದ್ದುದ್ದ ಹುಲ್ಲನ್ನು ಇದಕ್ಕೆ ತಿನ್ನಿಸಿದ್ದು ಯಾರು ಎಂದೂ ಕೇಳಿದಳು. ತಿನ್ನಿಸಿದ್ದು ಡಾಕ್ಟರಮ್ಮನೇ. ಕಾಯಿಲೆಯನ್ನೂ ತಾನೇ ಕೊಟ್ಟು ಔಷಧಿಯನ್ನೂ ತಾನೇ ಕೊಡುವ ಡಾಕ್ಟರ್ ಊರಿಗೆಲ್ಲ ತಾನೊಬ್ಬಳೇ ಇರಬೇಕು ಎಂದುಕೊಂಡಾಗ ಒಡೆಟ್‌ಗೇ ನಗು ಬಂತು.

ಅಂದು ಬಸ್ ತಪ್ಪಿ, ನಡೆದೇ ಸ್ಕೂಲಿಗೆ ಹೋದಳು. ಸ್ಕೂಲಿನಿಂದ ಬಂದ ಮೇಲೂ ತೀಡಿದಳು, ಮಲಗುವ ಮುಂಚೆಯೂ ತೀಡಿದಳು.

ಮರುದಿನ ಬೆಳಿಗ್ಗೆ ಚೀಲ ಮೆತ್ತಗಾಗಿತ್ತು. ವ್ಯಾಫಲ್ ಒಡೆಟ್‌ಳ ತೊಡೆಯ ಮೇಲೇ ಧಾರಾಳವಾಗಿ ಹಿಕ್ಕೆ ಹಾಕಿತು.

"ಡಾಕ್ಟ್ರೇ, ಪೂರ್ತಿ ವಾಸಿಯಾಯ್ತಾ?" ರೆಮಿ ಕೇಳಿದ.

ಹೂಂ ಎನ್ನಲು ಒಡೆಟ್ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಗೊತ್ತಿಲ್ಲ ಕಣೋ," ಎಂದಳು. "ನಾಳೆ ಬೆಳಿಗ್ಗೆ ಮುಟ್ಟಿ ನೋಡಿ ಹೇಳ್ತೀನಿ."